ಟ್ರಾನ್ಸ್‌ಫಾರ್ಮರಿನವರೆಗೆ ಕಂಡ ಬಣ್ಣ

ನನ್ನ ತಮ್ಮನ ಕಣ್ಣು ಹೋಗುತ್ತಿದೆ ಎಂದು ನನಗೆ ಗೊತ್ತಾದದ್ದು ಒಂದು ಸ್ಪ್ರೇ ಪೇಂಟಿನ ಡಬ್ಬಿಯಿಂದ. ಅದಕ್ಕೆ ಮೊದಲು ನಾನು ಅವನಿಗೆ ಬೈದದ್ದೆಲ್ಲ ಈಗ ಒಂದೊಂದಾಗಿ ನೆನಪಿಗೆ ಬರುತ್ತದೆ. ನನ್ನ ಬಾಯಿ ಮೊದಲಿನಿಂದಲೂ ಜೋರು. ಶಾಲೆಯಲ್ಲಿ ಗಣಿತ ಕಲಿಸಿ ಕಲಿಸಿ ಇನ್ನಷ್ಟು ಹರಿತವಾಗಿದೆ.

ಗಂಡ ತೀರಿಕೊಂಡ ಮೇಲೆ ನಾನು ಬೋಳಾರದಲ್ಲಿದ್ದ ತಮ್ಮನ ಫ್ಲ್ಯಾಟಿಗೆ ಬಂದೆ. ಅವನು ಮದುವೆಯಾದವನಲ್ಲ. ಪಣಂಬೂರಿನ ಬಂದರಿನಲ್ಲಿ ಕ್ರೇನ್ ನಡೆಸುತ್ತಿದ್ದವನು, ನಿವೃತ್ತಿಗೆ ಇನ್ನೂ ಸಮಯ ಇರುವಾಗಲೇ ಕೆಲಸ ಬಿಟ್ಟ. ಮೊಣಕಾಲು ನೋವು, ಅಷ್ಟು ಎತ್ತರದ ಏಣಿ ಹತ್ತಲು ಆಗುವುದಿಲ್ಲ ಎಂದಿದ್ದ. ಅದೇ ಮೊಣಕಾಲಿನಲ್ಲಿ ದಿನಕ್ಕೆ ನಾಲ್ಕು ಸಲ ನಮ್ಮ ಟೆರೇಸಿಗೆ ಹತ್ತಿ ಇಳಿಯುತ್ತಿದ್ದ. ನಾನು ಅದನ್ನು ಆಡಿಕೊಂಡು ನಗುತ್ತಿದ್ದೆನೇ ಹೊರತು ಯೋಚಿಸಲಿಲ್ಲ.

ಟೆರೇಸಿನಲ್ಲಿ ಅವನ ರಾಕೆಟ್ಟಿನ ಕೆಲಸ. ತೋಳುದ್ದದ ರಟ್ಟಿನ ಕೊಳವೆ, ಹಗುರ ಮರದ ಮೂರು ರೆಕ್ಕೆ, ಬುಡದಲ್ಲಿ ಮದ್ದು ತುಂಬಿದ, ಬೆರಳು ಗಾತ್ರದ ಮೋಟರು. ಗುಂಡಿ ಒತ್ತಿದರೆ ಬುಸ್ಸೆಂದು ಆಕಾಶಕ್ಕೆ ಹೋಗಿ, ಮೇಲೆ ಪ್ಯಾರಾಶೂಟ್ ಬಿಚ್ಚಿ, ನಿಧಾನವಾಗಿ ಇಳಿಯುತ್ತದೆ. ಐವತ್ತು ದಾಟಿದ ಗಂಡಸಿಗೆ ಇದೆಂತಹ ಹುಚ್ಚು ಎಂದು ನಾನು ಕೇಳದ ದಿನವಿಲ್ಲ. ಅವನಿಗೆ ಹಾರಿಸುವುದಕ್ಕಿಂತ ಬಣ್ಣದ ಮೇಲೆಯೇ ಪ್ರೀತಿ. ಪ್ರೈಮರ್ ಎಂಬ ಅಡಿಬಣ್ಣ ಹೊಡೆದು, ಪಾಲಿಶ್ ಪೇಪರಿನಲ್ಲಿ ಉಜ್ಜಿ, ಮತ್ತೆ ಪ್ರೈಮರ್ ಹೊಡೆದು, ಮತ್ತೆ ಉಜ್ಜಿ, ಒಣ ಗಾಳಿಯ ಬೆಳಗ್ಗೆಗಾಗಿ ವಾರಗಟ್ಟಲೆ ಕಾಯುತ್ತಿದ್ದ. ನಮ್ಮ ಊರಿನ ತೇವಕ್ಕೆ ಸಿಕ್ಕಿದರೆ ಬಣ್ಣದ ಮೇಲೆ ಹಾಲಿನ ಕೆನೆಯಂತೆ ಬಿಳಿ ಪೊರೆ ಬರುತ್ತದೆ.

“ಹಾರ್ಲಿಕ್ಕೆ ಬಣ್ಣ ಬೇಡ ಅಕ್ಕ, ಬಿದ್ದ ಮೇಲೆ ಸಿಗ್ಲಿಕ್ಕೆ ಬೇಕು,” ಎನ್ನುತ್ತಿದ್ದ. ಹಾಗಾಗಿ ಯಾವಾಗಲೂ ಕಣ್ಣು ಕುಕ್ಕುವ ಹಳದಿ, ಕಿತ್ತಳೆ. ಕಪ್ಪು ಮಾತ್ರ ಬೇಡವೇ ಬೇಡ. ಕಪ್ಪು ಬಳಿದದ್ದು ಪೊದೆಯೊಳಗೆ ಬಿದ್ದರೆ ದೇವರಿಗೂ ಸಿಗುವುದಿಲ್ಲ ಎಂಬುದು ಅವನ ಸಿದ್ಧಾಂತ.

ಆ ವರ್ಷ ಮಳೆ ಬಿಟ್ಟ ಮೇಲೆ ಹೊಸ ರಾಕೆಟ್ಟಿಗೆ ಬಣ್ಣ ತರಲು ಹೋದೆವು. ಪೇಟೆಯ ಬದಿಯ ರಸ್ತೆಯಲ್ಲಿ ಬ್ಯಾರಿ ಸಾಹೇಬರೊಬ್ಬರ ಹಾರ್ಡ್‌ವೇರ್ ಅಂಗಡಿ, ತಮ್ಮನಿಗೆ ಹಳೆಯ ಪರಿಚಯ. ಮೊದಲೆಲ್ಲ ಡಬ್ಬಿಗೆ ಬೆರಳು ತೋರಿಸಿ ಐದು ನಿಮಿಷದಲ್ಲಿ ಹೊರಗೆ ಬರುತ್ತಿದ್ದವನು ಅಂದು ಪ್ರತಿ ಬಣ್ಣವನ್ನೂ ರಟ್ಟಿನ ತುಂಡಿಗೆ ಹೊಡೆಸಿದ. ರಟ್ಟನ್ನು ಬಿಸಿಲಿಗೆ ಒಯ್ದು, ಮೇಲೆ ಎತ್ತಿ, ಕತ್ತು ತಿರುಗಿಸಿ ಓರೆಯಾಗಿ ನೋಡಿದ. ಒಳಗೆ ಬಂದ. ಪುನಃ ಹೊರಗೆ ಹೋದ. ನಾನು ಸ್ಟೂಲಿನ ಮೇಲೆ ಕೂತು ಕೂತು ಸಾಕಾಗಿ ಸಿಡಿದೆ.

“ಎಂತದು ಮಾರಾಯ, ಕೋಳಿ ನೋಡಿದ ಹಾಗೆ? ಸೀದಾ ನೋಡ್ಲಿಕ್ಕೆ ಎಂತ ಆಗಿದೆ ನಿಂಗೆ? ಹೆಣ್ಣು ನೋಡ್ಲಿಕ್ಕೆ ಕರ್ಕೊಂಡು ಹೋದಾಗ ಇಷ್ಟು ನೋಡಿದ್ರೆ ಇವತ್ತು ಮನೆಯಲ್ಲಿ ಮಕ್ಕಳಿರ್ತಿದ್ರು!”

ಅಂಗಡಿಯವರು ನಕ್ಕರು. ತಮ್ಮನೂ ನಕ್ಕ. ಕೊನೆಗೆ ಕಿತ್ತಳೆ ಬಣ್ಣವನ್ನೇ ಕೊಂಡ. ದಾರಿಯುದ್ದಕ್ಕೂ ನಾನು ‘ಕೋಳಿ, ಕೋಳಿ’ ಎಂದು ಕೆಣಕುತ್ತಲೇ ಇದ್ದೆ. ಆ ಮಾತು ನೆನಪಾದರೆ ಈಗಲೂ ನನ್ನ ಮೇಲೆಯೇ ಅಸಹ್ಯವಾಗುತ್ತದೆ.

ನಾಲ್ಕು ದಿನ ಕಳೆದು, ಒಣಗಿದ ಬಟ್ಟೆ ತರಲು ಟೆರೇಸಿಗೆ ಹೋದಾಗ ರಾಕೆಟ್ಟು ಕೋಲಿಗೆ ಸಿಕ್ಕಿಸಿಕೊಂಡು ನಿಂತಿತ್ತು. ಒಂದು ಬದಿಯಲ್ಲಿ ಬಣ್ಣ ದಪ್ಪವಾಗಿ ಸುರಿದು ಹನಿಹನಿಯಾಗಿ ಗಟ್ಟಿಯಾಗಿತ್ತು. ಇನ್ನೊಂದು ಬದಿಯಲ್ಲಿ ಅಂಗೈ ಅಗಲದ ಪ್ರೈಮರು ಬೂದು ಬಣ್ಣದಲ್ಲಿ ಹಾಗೆಯೇ ಉಳಿದಿತ್ತು.

“ಫಿನಿಶಿಂಗ್ ಹೇಗುಂಟು ಅಕ್ಕ? ಚಂದ ಬಂದಿದೆ ಅಲ್ವಾ?” ಎಂದು ಪಕ್ಕದಲ್ಲಿ ಕೂತಿದ್ದ ತಮ್ಮ ಕೇಳಿದ.

ಬೈಗುಳ ನಾಲಿಗೆ ತುದಿಗೆ ಬಂದಿತ್ತು. ಅಷ್ಟರಲ್ಲಿ ಅವನ ಬೆರಳು ನೋಡಿದೆ. ಅದು ಆ ಒಣಗಿದ ಹನಿಗಳ ಮೇಲೆ ಹೋಗಿ ನಿಂತಿತು. ಅವನ ಮುಖ ಸಣ್ಣದಾಯಿತು.

“ನಿಂಗೆ ಎಷ್ಟು ಕಾಣ್ತದೆ?” ಎಂದೆ.

“ನಡುವೆ ಎಂತ ಇಲ್ಲ. ಬದಿಯಲ್ಲಿ ಸ್ವಲ್ಪ ಉಂಟು,” ಎಂದ. “ನಿನ್ನ ಮುಖ ನೋಡಿದ್ರೆ ಮುಖ ಇಲ್ಲ ಅಕ್ಕ. ಕಿವಿಯ ಓಲೆ ಮಾತ್ರ ಉಂಟು.”

ಮೊಣಕಾಲಿನದ್ದು ಸುಳ್ಳು. ಕಣ್ಣಿನ ನಡುವೆ ಮಬ್ಬು ಶುರುವಾದಾಗಲೇ ಅವನು ಕ್ರೇನ್ ಇಳಿದಿದ್ದ. “ಕೆಳಗೆ ಜನ ನಿಂತಿರ್ತಾರೆ. ಕಾಣದೆ ಮೇಲೆ ಕೂತ್ಕೊಳ್ಳುದು ಪಾಪ,” ಎಂದ. ಹೋದದ್ದು ಬರುವುದಿಲ್ಲ, ಇದ್ದದ್ದು ನಿಲ್ಲುತ್ತದೆ ಎನ್ನಲಾಗುವುದಿಲ್ಲ ಎಂದು ಡಾಕ್ಟರರು ಹೇಳಿದ್ದರಂತೆ. ನಾನು ಬಟ್ಟೆಯ ರಾಶಿಯಲ್ಲಿ ಮುಖ ಮುಚ್ಚಿಕೊಂಡು ಅತ್ತೆ. ಒಂದೇ ಮನೆಯಲ್ಲಿ, ಒಂದೇ ಮೇಜಿನಲ್ಲಿ ಉಣ್ಣುತ್ತ, ಅವನ ತಟ್ಟೆಯ ಸುತ್ತ ಚೆಲ್ಲಿದ ಅನ್ನಕ್ಕೂ ಬೈದವಳು ನಾನು.

“ಅಳ್ಬೇಡ. ಇದೊಂದು ಮೇಲೆ ಹೋಗುದು ನೋಡ್ಬೇಕು ನಂಗೆ. ಮತ್ತೆ ಸಾಕು,” ಎಂದ.

ಹಾಗಾಗಿ ಕಿತ್ತಳೆ ಬಣ್ಣವನ್ನೆಲ್ಲ ಉಜ್ಜಿ ತೆಗೆದು ಪುನಃ ಅದೇ ಅಂಗಡಿಗೆ ಹೋದೆವು. ಈ ಸಲ ಅವನು ಮೆಟ್ಟಿಲ ಮೇಲೆ ನಿಂತ. ನಾನು ಬಣ್ಣದ ರಟ್ಟನ್ನು ತಲೆಯ ಮೇಲೆ, ಆಕಾಶಕ್ಕೆ ಹಿಡಿದು ರಸ್ತೆಯ ಬದಿಯಲ್ಲಿ ಹೆಜ್ಜೆ ಎಣಿಸುತ್ತ ದೂರ ನಡೆದೆ. ಕಾಣುವವರೆಗೂ ಅವನು ‘ಉಂಟು, ಉಂಟು’ ಎಂದು ಕೂಗಬೇಕು. ಹಳದಿ ಬಣ್ಣ ಟೈಲರ್ ಅಂಗಡಿಯವರೆಗೆ ಇತ್ತು. ಕಿತ್ತಳೆ ಅದಕ್ಕಿಂತ ಎರಡು ಹೆಜ್ಜೆ ಆಚೆ. ಗುಲಾಬಿ ಬಣ್ಣ ಹೋಟೆಲಿನ ಬಾಗಿಲಿನವರೆಗೆ. ಬಿಳಿಯಂತೂ ಮೆಟ್ಟಿಲು ಇಳಿಯುವಷ್ಟರಲ್ಲಿಯೇ ಇಲ್ಲ. ಹೋಟೆಲಿನಲ್ಲಿ ಚಹಾ ಕುಡಿಯುತ್ತಿದ್ದವರು ಇವಳಿಗೆ ತಲೆ ಸರಿ ಇಲ್ಲ ಎಂಬಂತೆ ನೋಡಿದರು. ಅಂಗಡಿಯವರು ಏನೂ ಕೇಳಲಿಲ್ಲ, ನಗಲೂ ಇಲ್ಲ. ತಾವಾಗಿಯೇ ಇನ್ನೊಂದು ರಟ್ಟಿಗೆ ಬಣ್ಣ ಹೊಡೆದು ತಂದುಕೊಟ್ಟರು.

“ಇದೊಂದು ನೋಡಿ ಅಕ್ಕ,” ಎಂದರು. ಅದು ಕಪ್ಪು.

ಟೈಲರ್ ಅಂಗಡಿ ದಾಟಿತು. ಹೋಟೆಲು ದಾಟಿತು. “ಉಂಟು” ಎನ್ನುವ ಅವನ ಸ್ವರ ಹಿಂದಿನಿಂದ ಬರುತ್ತಲೇ ಇತ್ತು. ರಸ್ತೆ ತಿರುಗುವಲ್ಲಿದ್ದ ಟ್ರಾನ್ಸ್‌ಫಾರ್ಮರಿನ ಹತ್ತಿರ ನಿಂತಿತು. ತಿರುಗಿ ನೋಡಿದರೆ ಅವನು ಇನ್ನೂ ಕತ್ತು ಓರೆ ಮಾಡಿಕೊಂಡು, ಹಣೆಗೆ ಕೈ ಅಡ್ಡ ಹಿಡಿದು, ನಾನು ಎಲ್ಲಿದ್ದೇನೆಂದು ಹುಡುಕುತ್ತಿದ್ದ.

ನಾನು ವಾಪಸು ಬಂದದ್ದೇ, “ಕಪ್ಪು ಕೊಡಿ,” ಎಂದ ಅಂಗಡಿಯವರಿಗೆ.

“ಬಿದ್ದ ಮೇಲೆ ಸಿಗ್ಲಿಕ್ಕಿಲ್ಲ ಮಾರಾಯ. ನೀನೇ ಹೇಳ್ತಿದ್ದದ್ದು,” ಎಂದೆ.

“ಮೇಲೆ ಹೋಗುದನ್ನು ನಾನು ನೋಡ್ತೇನೆ. ಬೀಳುದನ್ನು ನೀನು ನೋಡು.”

ಬಣ್ಣ ಹೊಡೆದದ್ದು ನಾನು. ಅವನು ಪಕ್ಕದಲ್ಲಿ ಕೂತು ಡಬ್ಬಿಯ ಸದ್ದು ಕೇಳಿಯೇ, “ಹತ್ತಿರ ಆಯ್ತು, ದೂರ ಹಿಡಿ. ಕೈ ನಿಲ್ಲಿಸ್ಬೇಡ, ಸುರೀತದೆ,” ಎಂದು ಹೇಳಿಕೊಡುತ್ತಿದ್ದ. ಮೂರು ಕೋಟು ಹೊಡೆದೆ. ಒಂದು ಹನಿಯೂ ಸುರಿಯಲಿಲ್ಲ. ಬೆರಳಾಡಿಸಿ ನೋಡಿ, “ಟೀಚರ್ ಪಾಸ್,” ಎಂದ. ಹೊರಗಿನಿಂದ ತರಿಸಿದ ಮೋಟರು ಬರಲು ತಡವಾಯಿತು. ಕಾಯುತ್ತ ಕಾಯುತ್ತ ಒಂದೂವರೆ ತಿಂಗಳು ಹೋಯಿತು. ಅಷ್ಟರಲ್ಲಿ ಅವನು ಗೋಡೆ ಹಿಡಿದು ನಡೆಯತೊಡಗಿದ್ದ. ನಾನು ಅದನ್ನು ಕಂಡೂ ಕಾಣದಂತಿದ್ದೆ.

ಕಾಟಿಪಳ್ಳದ ಆಚೆ ಪರಿಚಯದವರ ಕೆಂಪು ಮುರಕಲ್ಲಿನ ಬೋಳು ಜಾಗ, ಸುತ್ತ ಕುರುಚಲು. ಅವರಲ್ಲಿ ಕೇಳಿಕೊಂಡು ಒಂದು ಸಂಜೆ ಹೋದೆವು. ಆಕಾಶ ಮಬ್ಬು ಬಿಳಿಯಾಗಿತ್ತು, ಕಪ್ಪಿಗೆ ಹೇಳಿಮಾಡಿಸಿದಂತೆ. ರಾಕೆಟ್ಟನ್ನು ನಾನು ನಿಲ್ಲಿಸಿದೆ. ವಯರಿನ ತುದಿಯ ಗುಂಡಿಯನ್ನು ಅವನ ಕೈಗೆ ಕೊಟ್ಟೆ. ಅವನು ಐದರಿಂದ ಕೆಳಗೆ ಎಣಿಸಿ ಒತ್ತಿದ.

ಬುಸ್ಸೆಂದು ಹೋಯಿತು. ನಾನು ನೋಡಬೇಕಾದದ್ದು ಅದನ್ನು. ನೋಡಿದ್ದು ಅವನ ಮುಖವನ್ನು. ಅವನಿಗೆ ಕಾಣುತ್ತದೋ ಇಲ್ಲವೋ ಎಂಬುದು ಬಿಟ್ಟು ನನಗೆ ಬೇರೇನೂ ಬೇಕಿರಲಿಲ್ಲ.

ಅವನು ಸೀದಾ ನೋಡುತ್ತಿದ್ದ. ಕತ್ತು ಹಿಂದಕ್ಕೆ ಬಾಗಿಸಿ, ಎರಡೂ ಕಣ್ಣು ತೆರೆದು, ಎಲ್ಲರೂ ಆಕಾಶ ನೋಡುವ ಹಾಗೆ. ಬದಿಯಲ್ಲಿ ಒಂದಿಷ್ಟಾದರೂ ಉಳಿದಿದ್ದರೆ ಅವನ ಕತ್ತು ತಾನಾಗಿ ಓರೆಯಾಗುತ್ತಿತ್ತು. ನನ್ನ ಕೋಳಿ ಓರೆಯಾಗಲೇ ಇಲ್ಲ.

ಸದ್ದು ತೆಳುವಾಗಿ ಇಲ್ಲವಾಯಿತು. ನಾನು ತಲೆ ಎತ್ತುವಷ್ಟರಲ್ಲಿ ಆಕಾಶದಲ್ಲಿ ಏನೂ ಇರಲಿಲ್ಲ, ಪ್ಯಾರಾಶೂಟೂ ಇರಲಿಲ್ಲ.

“ಕಂಡಿತು ಅಕ್ಕ,” ಎಂದ. “ಕಪ್ಪೇ ಸರಿ. ತುದಿವರೆಗೆ ಕಂಡಿತು. ನಿಂಗೆ?”

“ನಂಗೂ ಕಂಡಿತು,” ಎಂದೆ.

“ಯಾವ ಕಡೆ ಬಿತ್ತು?”

ಕುರುಚಲಿನ ಕಡೆ ಸುಮ್ಮನೆ ಬೆರಳು ತೋರಿಸಿದೆ. ತೋರಿಸಿದ ಮೇಲೆ ನೆನಪಾಯಿತು. ಬೆರಳು ಮಡಚಿ, ಅವನ ಕೈ ಹಿಡಿದುಕೊಂಡು ಆ ದಿಕ್ಕಿಗೇ ನಡೆದೆ. ಅವನು ಕಾಲಿನಿಂದ ಹುಲ್ಲು ತಡವುತ್ತ ಬಂದ. “ಇಲ್ಲೇ ಎಲ್ಲೋ ಉಂಟು,” ಎಂದು ನಾನು ಹೇಳುತ್ತಲೇ ಇದ್ದೆ.