ಅಕ್ಕನ ರಕ್ತದಿಂದಲೇ ಬಂದ ಮದ್ದು

ನನ್ನ ಅಕ್ಕ ಸಿಂದಗಿಯಲ್ಲಿ ಬಸ್ ಕಂಡಕ್ಟರ್, ನಾನು ಮುದ್ದೇಬಿಹಾಳದ ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರ. ಅವಳ ಕೊರಳಲ್ಲಿ ಎದ್ದ ಗಂಟು ಲಿಂಫೋಮಾ ಎಂಬ ಕ್ಯಾನ್ಸರ್ ಎಂದು ಗೊತ್ತಾದ ಮೇಲೆ ಎರಡು ಸಲ ಕೀಮೋ ಆಯಿತು. ಎರಡೂ ಸಲ ಗಂಟು ಕರಗಿ ಮತ್ತೆ ಬಂತು. ಆಗ ಮುಂಬೈಯ ವೈದ್ಯರು ಬೇರೆಯದೇ ದಾರಿ ಹೇಳಿದರು. ಅಕ್ಕನ ರಕ್ತದಿಂದ ಟಿ ಕಣಗಳೆಂಬ ಬಿಳಿ ರಕ್ತಕಣಗಳನ್ನು ತೆಗೆದು, ಲ್ಯಾಬಿನಲ್ಲಿ ಅವುಗಳಿಗೆ ಕ್ಯಾನ್ಸರಿನ ಗುರುತು ಹಿಡಿಯಲು ಕಲಿಸಿ, ಬೆಳೆಸಿ, ಮತ್ತೆ ಅವಳ ಮೈಗೇ ಬಿಡುವುದು.

ನಾನು ಕುರ್ಚಿಯ ತುದಿಗೆ ಬಂದು ಕೂತೆ. ಎಷ್ಟೋ ವರ್ಷ ಬೋರ್ಡಿನ ಮೇಲೆ ಈ ಕಣಗಳ ಚಿತ್ರ ಬರೆದಿದ್ದೆ, ಅವಕ್ಕೂ ಪಾಠ ಹೇಳಬಹುದೆಂದು ತಿಳಿದಿರಲಿಲ್ಲ. ಪ್ರಶ್ನೆಯ ಮೇಲೆ ಪ್ರಶ್ನೆ ಕೇಳಿದೆ. ಎಲ್ಲರಿಗೂ ಫಲಿಸುವುದಿಲ್ಲ, ಅಪಾಯವೂ ಇದೆ ಎಂದು ವೈದ್ಯರು ಬಿಡಿಸಿ ಹೇಳಿದರು.

"ತಮ್ಮಾ, ನೀ ಖುಷಿಪಡಾಕತ್ತಿ. ಬ್ಯಾನಿ ಬಂದಿದ್ದು ನನಗ," ಎಂದಳು ಅಕ್ಕ.

ನನಗೆ ನಾಚಿಕೆಯಾಯಿತು. ಆದರೆ ಅವಳೂ ನಗುತ್ತಿದ್ದಳು. "ಮಾಡ್ರಿ ಅಂತ ಹೇಳು. ನನ್ನ ರಕ್ತಾನ ನನ್ನ ಕೆಲಸಕ್ಕ ಬಂದ್ರ ನಾ ಯಾಕ ಬ್ಯಾಡ ಅನ್ಲಿ?"

ಒಂದು ಕೈಯಿಂದ ರಕ್ತ ಯಂತ್ರಕ್ಕೆ ಹೋಯಿತು, ಬೇಕಾದ ಕಣಗಳನ್ನು ಅಲ್ಲಿ ಬಿಟ್ಟು ಇನ್ನೊಂದು ಕೈಗೆ ಮರಳಿತು. ನಾವು ಊರಿಗೆ ಬಂದು ವಾರಗಟ್ಟಲೆ ಕಾದೆವು. ಕಣಗಳು ತಯಾರಾಗಿವೆ ಎಂದು ಫೋನ್ ಬಂದಾಗ ನಾನು ಒಂಬತ್ತನೆಯ ತರಗತಿಯಲ್ಲಿದ್ದೆ. ಅಕ್ಕನಿಗಿಂತ ಮೊದಲು ಮಕ್ಕಳಿಗೇ ಹೇಳಿಬಿಟ್ಟೆ.

ಮುಂಬೈಯ ಆಸ್ಪತ್ರೆಯಲ್ಲಿ ಕಣಗಳಿದ್ದ ಅಂಗೈ ಅಗಲದ ಚೀಲ ತಂದರು. "ಇಷ್ಟೇನಽ?" ಎಂದಳು ಅಕ್ಕ. ಕೆಲವೇ ನಿಮಿಷಗಳಲ್ಲಿ ಅದು ಅವಳ ಮೈಗೆ ಹರಿದು ಖಾಲಿಯಾಯಿತು.

ಮದ್ದು ಮಿದುಳಿಗೆ ತಟ್ಟುತ್ತಿದೆಯೇ ಎಂದು ತಿಳಿಯಲು ನರ್ಸಮ್ಮ ದಿನಾ ಒಂದು ವಾಕ್ಯ ಬರೆಸುತ್ತಿದ್ದರು. ಮಹಾರಾಷ್ಟ್ರದ ಗಡಿಗೆ ಹತ್ತಿರದ ಇಂಡಿ ಪಟ್ಟಣದಲ್ಲಿ ಬೆಳೆದ ಅಕ್ಕನಿಗೆ ಮರಾಠಿ ಮಾತು ಸಲೀಸು, ಬರೆಯುವುದು ಮಾತ್ರ ಕನ್ನಡ. ನರ್ಸಮ್ಮನಿಗೆ ಕನ್ನಡ ಬಾರದ್ದರಿಂದ ಅದನ್ನು ಓದಿ ಹೇಳುವ ಕೆಲಸ ನನ್ನದಾಯಿತು. ಮೊದಲ ದಿನ ಬರೆದಳು: "ಬಾಗೇವಾಡಿಯಲ್ಲಿ ಬಸ್ಸು ಹತ್ತು ನಿಮಿಷ ನಿಲ್ಲುತ್ತದೆ." ಮರುದಿನ: "ಇಲ್ಲಿಯ ಚಹಾಕ್ಕೆ ರುಚಿ ಇಲ್ಲ."

ನಾಲ್ಕನೆಯ ದಿನ ಅಕ್ಕನ ಮೈ ಕಾದ ಹೆಂಚಿನಂತಾಯಿತು. ಹಾಳೆಯಲ್ಲಿ ಅಕ್ಷರಗಳು ಒಂದರ ಮೇಲೊಂದು ಹತ್ತಿದ್ದವು. ನಾನು ಯಾರೆಂದು ಕೇಳಿದರೆ ಸುಮ್ಮನೆ ನೋಡಿದಳು. ಕಣಗಳು ಕಾದಾಟಕ್ಕೆ ಇಳಿದಾಗ ಹೀಗಾಗುವುದುಂಟು ಎಂದು ವೈದ್ಯರು ಬೇರೆ ಔಷಧಿ ಕೊಟ್ಟರು. ನನಗೆ ಯಾವ ವಿಜ್ಞಾನವೂ ನೆನಪಾಗಲಿಲ್ಲ. ಎರಡು ದಿನ ಮಂಚದ ಸರಳು ಹಿಡಿದು ಕೂತೆ.

ಆಮೇಲೆ ಜ್ವರ ಇಳಿಯಿತು. ಅಕ್ಕ ಪೆನ್ನು ಕೇಳಿ ಪಡೆದು ದುಂಡಗೆ ಬರೆದಳು: "ನನ್ನ ತಮ್ಮ ಮುಖ ತೊಳೆದಿಲ್ಲ." ಓದಿ ಹೇಳುವುದನ್ನು ಬಿಟ್ಟು ನಾನು ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡೆ. ಅವಳೇ ಮರಾಠಿಯಲ್ಲಿ ಹೇಳಿದಳು, ನರ್ಸಮ್ಮ ನಕ್ಕರು.

ತಿಂಗಳ ನಂತರ ಸ್ಕ್ಯಾನ್ ಆಯಿತು. ವೈದ್ಯರು ಹಳೆಯ ಚಿತ್ರ, ಹೊಸ ಚಿತ್ರ ಎರಡನ್ನೂ ತೋರಿಸಿದರು. ಕೊರಳಿನಲ್ಲಿ, ಎದೆಯಲ್ಲಿ ಕ್ಯಾನ್ಸರಿನ ಗುರುತಾಗಿ ಹೊಳೆಯುತ್ತಿದ್ದ ಜಾಗಗಳು ಹೊಸದರಲ್ಲಿ ಇರಲೇ ಇಲ್ಲ. ತಪಾಸಣೆಗೆ ಬರುತ್ತಿರಬೇಕು, ಇಷ್ಟು ಬೇಗ ಪೂರ್ತಿ ವಾಸಿ ಎನ್ನಲಾಗದು ಎಂದರು. ನಾನು ತಲೆಯಾಡಿಸಿದೆನಾದರೂ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

"ಡ್ಯೂಟಿಗಿ ಯಾವಾಗ ಹೋಗ್ಲಿ, ಕೇಳು," ಎಂದು ಅಕ್ಕ ತಿವಿದಳು.

ರೈಲು ಸೊಲ್ಲಾಪುರ ಮುಟ್ಟುವವರೆಗೂ ಅವಳು ಫೋನ್ ಬಿಡಲಿಲ್ಲ. ಇಂಡಿಯ ಅವ್ವನಿಗೆ, ಡಿಪೋದವರಿಗೆ, ಎಲ್ಲರಿಗೂ ಅದೇ ಮಾತು: "ಹೌದ್ರಿ, ನನ್ನ ಕಣಾನಽ. ಹೊರಗಿನವಲ್ರಿ." ಎದುರು ಕೂತಿದ್ದ ಹೆಂಗಸು ಏನು ಸಂಗತಿ ಎಂದು ನನ್ನನ್ನು ಕೇಳಿದರು. ನಾನು ಮೊದಲಿನಿಂದ ಹೇಳತೊಡಗಿದೆ.