ಹಲಗೆ ಹಿಡಿದವರು ಹುಕ್ಕೇರಿಯಲ್ಲಿ, ಚೆಂಡು ಹಿಡಿದವರು ಮೂಡಲಗಿಯಲ್ಲಿ

ನಾವು ಮೂಡಲಗಿಯಿಂದ ಹೊರಟದ್ದು ಸೋಮವಾರ ಬೆಳಗಿನ ಮೊದಲ ಬಸ್ಸಿಗೆ. ಯುಗಾದಿ ಆಗಿ ಹೆಚ್ಚು ದಿನ ಆಗಿರಲಿಲ್ಲ, ಬಿಸಿಲು ಆಗಲೇ ಕಾವಲಿಯಂತೆ ಕಾಯುತ್ತಿತ್ತು. ದೇವರ ಮುಂದೆ ದೀಪ ಹಚ್ಚಿ, ಹಣೆಗೆ ವಿಭೂತಿ ಧರಿಸಿ, ರೊಟ್ಟಿ, ಶೇಂಗಾ ಚಟ್ನಿ, ಉಳ್ಳಾಗಡ್ಡಿ ಕಟ್ಟಿಕೊಂಡಿದ್ದೆ. ಇವೆಲ್ಲಕ್ಕಿಂತ ಭದ್ರವಾಗಿ ಕಟ್ಟಿದ್ದು ನಮ್ಮ ಮನೆಯವರ ತಗಡಿನ ಡಬ್ಬಿಯನ್ನು. ಹುಕ್ಕೇರಿಯಲ್ಲಿರುವ ಅವರ ಅಣ್ಣ, ಅಂದರೆ ನನ್ನ ಭಾವನವರು, ಸಂತೆಗೆ ಬಂದವರ ಕೈಯಲ್ಲಿ ಹೇಳಿ ಕಳಿಸಿದ್ದರು: "ತಮ್ಮಗ ಸೋಮವಾರ ಬಂದ ಹೋಗು ಅಂತ ಹೇಳ್ರಿ. ಬರುವಾಗ ಚಿತ್ರದ ಡಬ್ಬಿ ತರಾಕ ಮರೀಬ್ಯಾಡ ಅನ್ರಿ." ಬೇರೆಯಾದ ಮೇಲೆ ಪಂಚಮಿ ಹಬ್ಬಕ್ಕೂ ಕರೆಯದವರು ಈಗ ಡಬ್ಬಿಯ ಸಮೇತ ಕರೆದರೆ ಯಾರಿಗಾದರೂ ಸಂಶಯ ಬರುವುದೇ. ಅದಕ್ಕೇ ಕರೆಯದಿದ್ದರೂ ನಾನೂ ಹೊರಟೆ.

ಡಬ್ಬಿಯಲ್ಲಿ ಇದ್ದದ್ದು ಬಂಗಾರವಲ್ಲ, ಚಿತ್ರಗಳು. ನಮ್ಮ ಮಾವನವರು ಇದ್ದಾಗ ಗೋಕಾಕದ ಹತ್ತಿರ ಒಬ್ಬ ಬಿಳಿ ಸಾಹೇಬನ ಬಂಗಲೆಯಲ್ಲಿ ತೋಟದ ಕೆಲಸ ಮಾಡುತ್ತಿದ್ದರು. ಸಾಹೇಬ ಸೇದುವ ಸಿಗರೇಟಿನ ಪಾಕೀಟಿನಲ್ಲಿ ಕ್ರಿಕೆಟ್ ಆಡುವವರ ಬಣ್ಣದ ಚಿತ್ರ ಒಂದೊಂದು ಬರುತ್ತಿತ್ತಂತೆ. ಅವನು ಬಿಸಾಡಿದ್ದನ್ನು ಮಾವನವರು ಇಬ್ಬರು ಮಕ್ಕಳಿಗೆ ತಂದು ಕೊಡುತ್ತಿದ್ದರು. ಚಿತ್ರದ ಕೆಳಗೆ ಬರೆದ ಇಂಗ್ಲಿಷು ಮನೆಯಲ್ಲಿ ಯಾರಿಗೂ ಬರುತ್ತಿರಲಿಲ್ಲ. ಹುಡುಗರು ತಾವೇ ಹೆಸರಿಟ್ಟರು. ಮೀಸಿ ಮಲ್ಲಪ್ಪ, ಕೆಂಪ ಟೊಪಗಿ, ಗೂನ ಬಸ್ಯಾ. ನಮ್ಮ ಮನೆಯವರಿಗೆ ಇವತ್ತಿಗೂ ಅವರೆಲ್ಲ ಬೀಗರಿದ್ದ ಹಾಗೆ.

ಅಣ್ಣತಮ್ಮಂದಿರು ಬೇರೆಯಾದಾಗ ಪಂಚರು ಹೊಲ, ಎತ್ತು, ಹಂಡೆ, ಒನಕೆ ಎಲ್ಲ ಪಾಲು ಮಾಡಿ ಕೊನೆಗೆ ಈ ಚಿತ್ರಗಳಿಗೆ ಬಂದರು. ಹಿರಿಯ ಪಂಚ ಒಂದೊಂದನ್ನೇ ಬೆಳಕಿಗೆ ಹಿಡಿದು ನೋಡಿ, ಜಗಳವೇ ಬೇಡವೆಂದು ತೀರ್ಪು ಕೊಟ್ಟ: "ಹಲಿಗಿ ಹಿಡದಾವರು ಹಿರ್ಯಾಗ, ಚೆಂಡ ಹಿಡದಾವರು ಕಿರ್ಯಾಗ." ಎಲ್ಲರೂ ನ್ಯಾಯ ಅಂದರೆ ಇದು ಅಂದರು. ಕೈಗೆ ಚೀಲದಂಥದ್ದು ಹಾಕಿಕೊಂಡು ಏನೂ ಹಿಡಿಯದೆ ಕೂತವನೊಬ್ಬನಿದ್ದ. ಅವನನ್ನು ಪಂಚರೇ ಇಟ್ಟುಕೊಂಡರು. ಆ ಆಟಕ್ಕೆ ಹೊಡೆಯುವ ಹಲಗೆಯೂ ಬೇಕು, ಎಸೆಯುವ ಚೆಂಡೂ ಬೇಕು ಅನ್ನುವುದು ಆ ಹಿರಿಯರಿಗೆ ಯಾರು ಹೇಳಬೇಕು? ಅಂದಿನಿಂದ ನಮ್ಮ ಮನೆಯಲ್ಲಿ ಬರೀ ಎಸೆಯುವವರು. ಹೊಡೆಯುವವರು ಒಬ್ಬರೂ ಇಲ್ಲ.

ಅರಿವೆ ಅಂಗಡಿಯ ಲೆಕ್ಕದ ಕೆಲಸ ಮುಗಿಸಿ ಬಂದು ನಮ್ಮ ಮನೆಯವರು ಡಬ್ಬಿ ತೆರೆದು ಚಿತ್ರಗಳನ್ನು ಸಾಲಾಗಿ ಹಾಸುತ್ತಾರೆ, ನೋಡುತ್ತಾರೆ, ಮತ್ತೆ ತುಂಬುತ್ತಾರೆ. ಎಲೆ ಅಡಿಕೆಯ ಚಟವೂ ಇಲ್ಲದ ಮನುಷ್ಯ. ಶಿವನು ನನಗೆ ಕೊಟ್ಟ ದಯೆಗಳಲ್ಲಿ ಅದೂ ಒಂದು. ಆ ಡಬ್ಬಿಯನ್ನು ಭಾವನವರು ಕಸಿದುಕೊಂಡರೆ ಈ ಮನುಷ್ಯ ಸಂಜೆ ಏನು ಮಾಡಬೇಕು? ನನ್ನ ಚಿಂತೆ ಅಷ್ಟೇ.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಅದೂ ಒಂದು ದಯೆ. ಆಗಷ್ಟೇ ನಯಾ ಪೈಸೆ ಬಂದ ಕಾಲ. ಕಂಡಕ್ಟರು ಆಣೆಯ ಲೆಕ್ಕದಲ್ಲಿ ತೆಗೆದುಕೊಂಡು ಪೈಸೆಯ ಲೆಕ್ಕದಲ್ಲಿ ಚಿಲ್ಲರೆ ಕೊಟ್ಟ.

"ತಮ್ಮಾ, ಇದರಾಗ ಏನರ ಉಳಸ್ಕೊಂಡಿ ಏನ?" ಎಂದು ಕೇಳಿಯೇಬಿಟ್ಟೆ.

"ಅವ್ವಾರ, ನನಗೂ ಇನ್ನಾ ತಿಳೀವಲ್ದು. ನೀವ ಎಣಿಸಿ ಹೇಳ್ರಿ" ಎಂದು ಅಂಗೈ ತುಂಬ ನಾಣ್ಯ ಮುಂದೆ ಹಿಡಿದ. ನನಗೂ ತಿಳಿಯಲಿಲ್ಲ. ಬಸ್ಸಿನವರೆಲ್ಲ ನಕ್ಕರು.

ಗೋಕಾಕದಲ್ಲಿ ಇಳಿದು ಮೊದಲು ಲಕ್ಷ್ಮೀದೇವಿಯ ಗುಡಿಗೆ ಹೋಗಿ ಕಾಯಿ ಒಡೆಸಿದೆವು. ಬರಿಗೈಯಲ್ಲಿ ಹೋಗಬಾರದೆಂದು ಕರದಂಟು ಕಟ್ಟಿಸಿದೆವು. ಒಳ್ಳೆಯ ಅಂಟು, ಒಳ್ಳೆಯ ಬೆಲ್ಲ. ಹುಕ್ಕೇರಿಯ ಬಸ್ಸಿಗೆ ಇನ್ನೂ ಹೊತ್ತಿತ್ತು. ಚಹಾದ ಅಂಗಡಿಯಲ್ಲಿ ಕೂತಾಗ ನಮ್ಮ ಮನೆಯವರು ಸುಮ್ಮನಿರಲಾರದೆ ಡಬ್ಬಿ ತೆಗೆದರು. ಪಕ್ಕದಲ್ಲಿದ್ದ ಜರತಾರಿ ಟೊಪ್ಪಿಗೆಯ ಒಬ್ಬ ಕತ್ತು ಚಾಚಿ ನೋಡಿದ.

"ಹಳೇ ಮಾಲು ಕಾಣಸ್ತೈತಿ. ಇಂಥಾವಕ್ಕ ಈಗ ಗಿರಾಕಿ ಅದಾರ ನೋಡ್ರಿ ಬೆಳಗಾಂವ್ಯಾಗ" ಎಂದ.

ನಾನು ಡಬ್ಬಿಯ ಮುಚ್ಚಳ ಹಾಕಿದೆ. "ಇವು ಮಾಲಲ್ರಿ. ನಮ್ಮವರ ಮಂದಿ."

ಆದರೆ ಆ ಮಾತನ್ನು ಮರೆಯಲಾಗಲಿಲ್ಲ. ಗಿರಾಕಿ ಇದ್ದಾರೆ. ಭಾವನವರಿಗೂ ಗೊತ್ತಿರಬೇಕು. ಹುಕ್ಕೇರಿಯವರೆಗೂ ಧೂಳು ಕುಡಿಯುತ್ತ ಅದನ್ನೇ ಯೋಚಿಸಿದೆ. ನಮ್ಮ ಮನೆಯವರಿಗೆ ಹೇಳಿದರೆ, "ಅಣ್ಣ ಅಂಥಾವಲ್ಲ" ಎಂದು ಕಣ್ಣು ಮುಚ್ಚಿದರು.

ಮಧ್ಯಾಹ್ನ ಭಾವನವರ ಮನೆ ಮುಟ್ಟಿದೆವು. ಭಾವನವರು ಕಚೇರಿಯಲ್ಲಿ ಜವಾನರು, ಎರಡು ದಿನದ ರಜೆ ಹಾಕಿದ್ದರು. ಅವರ ಹೆಂಡತಿ ಗಂಗಕ್ಕ ನನ್ನ ನೆಗೆಣ್ಣಿ. ಕಾಲಿಗೆ ನೀರು ಕೊಟ್ಟಳು, ಮಣೆ ಹಾಕಿದಳು, ಬಿಸಿ ಹೋಳಿಗೆಯ ಮೇಲೆ ತುಪ್ಪ ಸುರಿದಳು. ಹಂಡೆ ಪಾಲು ಮಾಡುವಾಗ ನನ್ನ ಕೂಡ ಮಾತು ಬಿಟ್ಟವಳು! ಮತ್ತೊಂದು, ಮತ್ತೊಂದು ಎಂದು ಬಡಿಸಿದಷ್ಟೂ ನನಗೆ ಭಯ ಹೆಚ್ಚಾಯಿತು. ಹೋಳಿಗೆ ಮಾತ್ರ ಬಲು ಮೆತ್ತಗಿತ್ತು. ಸುಳ್ಳು ಹೇಳಬಾರದು, ನಾಲ್ಕು ತಿಂದೆ.

ನಮ್ಮಲ್ಲಿ ತಮ್ಮನ ಹೆಂಡತಿ ಭಾವನ ಎದುರು ನಿಂತು ಮಾತಾಡುವುದಿಲ್ಲ. ಸೆರಗು ಎಳೆದುಕೊಂಡು ಬಾಗಿಲ ಮರೆಯಲ್ಲಿ ನಿಂತು ನೆಗೆಣ್ಣಿಗೆ ಹೇಳಿದೆ: "ಅಕ್ಕಾ, ಭಾವನವರಿಗೆ ಕೇಳ್ರಿ. ಡಬ್ಬಿ ಯಾಕ ತರಾಕ ಹೇಳಿದ್ರು?"

ಭಾವನವರು ಹೆಂಡತಿಯ ಮುಖ ನೋಡಿ ಉತ್ತರ ಕೊಟ್ಟರು: "ಊಟ ಆಗಲಿ, ಹೇಳ್ತೀನಿ ಅಂತ ಹೇಳ ಕಾಶವ್ವಗ."

"ಊಟ ಆಗೇತಿ ಅಂತ ಹೇಳ್ರಿ ಅಕ್ಕಾ."

"ಇಬ್ರೂ ಇಲ್ಲೇ ಅದೀರಿ, ನಡಬರಕ ನನ್ನ ಬಾಯಿ ಯಾಕ ನೋಯಸ್ತೀರಿ?" ಎಂದಳು ಗಂಗಕ್ಕ. ಆಮೇಲೆ ತಾನೇ ಹೇಳಿಬಿಟ್ಟಳು. "ಬೆಳಗಾಂವಿಯಿಂದ ಒಬ್ಬ ಹಳೇ ಸಾಮಾನಿನ ವ್ಯಾಪಾರಿ ಬಂದಿದ್ದ. ಹಲಿಗಿ ಹಿಡದಾವಷ್ಟ ಇದ್ರ ರದ್ದಿ ಅಂತ. ಚೆಂಡ ಹಿಡದಾವೂ ಕೂಡಿದ್ರ ರೊಕ್ಕ ಕೊಡ್ತಾನಂತ. ಇವತ್ತ ಸಂಜೀಕ ಬರ್ತಾನ. ಅರ್ಧ ನಿಮಗ, ಅರ್ಧ ನಮಗ. ನಮ್ಮ ಅಡಗಿ ಮನಿ ಮಾಳಿಗಿ ನೋಡು, ಹ್ವಾದ ಮಳಿಗಾಲದಾಗ ಒಲಿ ಮ್ಯಾಲ ಕೊಡಿ ಹಿಡದ ರೊಟ್ಟಿ ಬಡದೇನಿ."

ತಲೆ ಎತ್ತಿ ನೋಡಿದೆ. ಮಣ್ಣಿನ ಮಾಳಿಗೆ, ತೊಲೆಯ ಪಕ್ಕದಲ್ಲಿ ನೀರಿನ ಕಲೆ ಗೋಡೆಯವರೆಗೂ ಇಳಿದಿತ್ತು. ಅವಳ ಕಷ್ಟ ಸುಳ್ಳಲ್ಲ. ಆದರೆ ನನ್ನ ಸಂಶಯವೂ ಸುಳ್ಳಾಗಿರಲಿಲ್ಲ.

ನಮ್ಮ ಮನೆಯವರು ಡಬ್ಬಿಯ ಮೇಲೆ ಕೈ ಇಟ್ಟರು. ನನಗೆ ಅವರ ಸ್ವಭಾವ ಗೊತ್ತು. ಅಣ್ಣ ಕೇಳಿದರೆ ಉಟ್ಟ ಧೋತರವನ್ನೂ ಬಿಚ್ಚಿ ಕೊಡುತ್ತಾರೆ. ಅಣ್ಣನಿಗೆ ಅಂದರು: "ನೀ ಹಿರ್ಯಾ. ನೀ ಹೇಳಿದಂಗ. ಖರೆ ಅಣ್ಣಾ, ಕೊಡೂಕಿಂತ ಮೊದಲ ಒಂದ ಆಟ ಆಡೂಣೇನ?"

ಭಾವನವರು ಹೆಂಡತಿಯನ್ನು ನೋಡಿದರು, ಬಾಗಿಲನ್ನು ನೋಡಿದರು. ಎದ್ದು ಹೋಗಿ ಗೂಡಿನಲ್ಲಿದ್ದ ತಮ್ಮ ಡಬ್ಬಿ ತಂದರು.

ಆ ಆಟವನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಹಸಿ ಮಣ್ಣಿನ ಉಂಡೆಯಲ್ಲಿ ಹಲಗೆಯವನನ್ನು ನೆಟ್ಟಗೆ ನಿಲ್ಲಿಸುತ್ತಾರೆ. ಚೆಂಡಿನವನನ್ನು ದೂರದಲ್ಲಿ ಮಲಗಿಸಿ, ಅವನ ಮೇಲೆ ಹುಣಸೆ ಬೀಜ ಇಟ್ಟು ಬೆರಳಿನಿಂದ ಸಿಡಿಸುತ್ತಾರೆ. ಹಲಗೆಯವನು ಬಿದ್ದರೆ ಔಟು. ನಿಂತರೆ, ಬೀಜ ಪುಟಿದು ಹೋದ ದೂರವನ್ನು ಗೇಣಿನಿಂದ ಅಳೆಯುತ್ತಾರೆ. ಎಷ್ಟು ಗೇಣೋ ಅಷ್ಟು ರನ್ನು. ಐದು ನಿಮಿಷದಲ್ಲಿ ಇಬ್ಬರೂ ಅಂಗಿ ಬಿಚ್ಚಿ ನೆಲಕ್ಕೆ ಹೊಟ್ಟೆ ಹಚ್ಚಿ ಮಲಗಿದ್ದರು. ಭಾವನವರ ತಲೆ ನೆರೆತಿತ್ತು, ನಮ್ಮವರ ಬೆನ್ನು ಬಾಗಿತ್ತು.

"ಏ, ಅದ ಮೂರ ಗೇಣ! ಬೆರಳ ಮಡಿಸಿ ಅಳೀಬ್ಯಾಡ!"

"ನಿನ್ನ ಕೈ ಕಬ್ಬಣದ ಹಾರಿಯಷ್ಟ ಉದ್ದ ಐತಿ, ನಿನ್ನ ಗೇಣ ನಡ್ಯೂದಿಲ್ಲ!"

ಈ ಗದ್ದಲದ ನಡುವೆಯೇ ವ್ಯಾಪಾರಿ ಬಂದು ಬಾಗಿಲಲ್ಲಿ ನಿಂತ. ನೆಲ ನೋಡಿ ತಲೆಯ ಮೇಲೆ ಕೈ ಹೊತ್ತ. "ಅಯ್ಯಯ್ಯೋ, ಏನ್ ಮಾಡಾಕತ್ತೀರಿ? ಬೀಜಾ ಬಡದ್ರ ಚಿತ್ರದ ಮೂಲಿ ಮುರೀತಾವು. ಮೂಲಿ ಹ್ವಾದ್ರ ಕಿಮ್ಮತ್ತ ಹೋತ್ರಿ!"

"ಸುಮ್ನ ಕುಂದರ್ರಿ," ಎಂದರು ಭಾವನವರು ತಲೆ ಎತ್ತದೆ. "ಮೀಸಿ ಮಲ್ಲಪ್ಪ ಆಡಾಕತ್ಯಾನ."

ವ್ಯಾಪಾರಿ ಕೂತ. ಸ್ವಲ್ಪ ಹೊತ್ತಿಗೆ ಗೇಣಿನ ಜಗಳ ಮತ್ತೆ ಎದ್ದಿತು. ಇಬ್ಬರೂ ಕೂಡಿ ಅವನಿಗೇ ಅಳೆಯಲು ಹೇಳಿದರು. ಪಾಪ, ಬಿಳಿ ಧೋತರದ ಮನುಷ್ಯ ಸಗಣಿ ಸಾರಿಸಿದ ನೆಲದ ಮೇಲೆ ಮೊಣಕಾಲೂರಿ ಅಳೆದ. ಅವನನ್ನು ನೋಡಿ ನಗು ತಡೆಯಲಾರದೆ ನಾನು ಸೆರಗು ಬಾಯಿಗೆ ಒತ್ತಿಕೊಂಡೆ. ಕಡೆಗೆ ವ್ಯಾಪಾರಿ ಬಸ್ಸಿನ ಹೊತ್ತಾಯಿತೆಂದು ಎದ್ದು, "ಒಂದ ಮಾತ ಹೇಳ್ರಿ, ಕೊಡ್ತೀರೋ ಇಲ್ಲೋ?" ಎಂದ.

ಭಾವನವರು ಎದ್ದು ಕೂತರು. ತಮ್ಮನನ್ನು ನೋಡಿದರು. "ಕೊಟ್ಟ ಮ್ಯಾಲ ನಾವ ಯಾತರಾಗ ಆಡೂಣ್ರಿ?" ಎಂದು ಕೇಳಿದರು. ವ್ಯಾಪಾರಿ ಧೋತರದ ಮೊಣಕಾಲು ಝಾಡಿಸಿಕೊಂಡು ಹೊರಟ.

ಅವನು ಹೋದ ಮೇಲೆ ಒಳಗಿನಿಂದ ಪಾತ್ರೆಗಳ ಸದ್ದು ಜೋರಾಯಿತು. "ಭಾಳ ಚಲೋ ಆತು," ಎಂದಳು ಗಂಗಕ್ಕ. "ಈ ಸಲ ಮಳಿ ಬಂದ್ರ ಹಲಿಗಿಯಾವ್ರನ್ನೆಲ್ಲಾ ಮಾಳಿಗಿ ಮ್ಯಾಲ ಹಾಸ್ರಿ. ನೀರ ನಿಂದರ್ತೈತಿ!"

ನಮ್ಮ ಮನೆಯವರು, "ವೈನಿ, ನಾಳಿ ನಾ ಮಾಳಿಗಿ ಏರ್ತೀನಿ" ಎಂದರು.

ಏರಿದರು. ಮರುದಿನ ನಸುಕಿನಲ್ಲೇ ಅಣ್ಣತಮ್ಮ ಊರ ಹೊರಗಿನಿಂದ ನೀರು ಇಳಿಯಗೊಡದ ಸವಳು ಮಣ್ಣು ಬುಟ್ಟಿಯಲ್ಲಿ ಹೊತ್ತು ತಂದರು. ಒಬ್ಬರು ಸುರಿದರು, ಒಬ್ಬರು ತುಳಿದು ಬಡಿದರು. ಮಧ್ಯಾಹ್ನದ ಹೊತ್ತಿಗೆ ಒಲೆಯ ಮೇಲಿನ ಭಾಗವೆಲ್ಲ ಗಟ್ಟಿಯಾಯಿತು. ಗಂಗಕ್ಕ ಕೆಳಗೆ ನಿಂತು, "ಅಲ್ಲಿ ಸಂದಿ ಐತಿ, ಇಲ್ಲಿ ಸಂದಿ ಐತಿ" ಎಂದು ಇಬ್ಬರನ್ನೂ ಬೈಯುತ್ತ ಮಜ್ಜಿಗೆ ಕೊಟ್ಟಳು. ಮಳೆಗಾಲಕ್ಕೆ ಮೊದಲೇ ಈ ಕೆಲಸ ಆದದ್ದು ದೇವರ ದಯೆ. ಆದರೂ ನನ್ನ ಮನಸ್ಸು ಪೂರ್ತಿ ತಿಳಿಯಾಗಿರಲಿಲ್ಲ. ವ್ಯಾಪಾರಿ ಮತ್ತೆ ಬರುವುದಿಲ್ಲವೆಂದು ಯಾರು ಹೇಳಬೇಕು? ಹೊರಡುವಾಗ ಭಾವನವರೇ ಡಬ್ಬಿಯನ್ನು ಬಟ್ಟೆಯಲ್ಲಿ ಕಟ್ಟಿ ತಮ್ಮನ ಕೈಗೆ ಕೊಟ್ಟರು. ತಾವೇ ಯಾಕೆ ಕಟ್ಟಬೇಕಾಗಿತ್ತು?

ಬಸ್ಸು ಊರು ದಾಟಿದೊಡನೆ ಗಂಟು ಬಿಚ್ಚಿದೆ. ಮುಚ್ಚಳ ತೆಗೆದು ನೋಡಿದರೆ ಮೇಲೆಯೇ ಮೀಸಿ ಮಲ್ಲಪ್ಪ, ಹಲಗೆ ಹಿಡಿದು ನಿಂತಿದ್ದಾನೆ. ಕೆಳಗೂ ಹಲಗೆಯವರೇ. ಚೆಂಡಿನವನು ಒಬ್ಬನೂ ಇಲ್ಲ.

"ರೀ, ಏಳ್ರಿ! ಡಬ್ಬಿ ಅದಲಿ ಬದಲಿ ಆಗೇತಿ! ನಿಮ್ಮಾವು ಅಲ್ಲೇ ಉಳದಾವು! ಬಸ್ಸ ನಿಂದರಸ್ರಿ!"

ನಮ್ಮ ಮನೆಯವರು ನನ್ನ ಕೈ ಹಿಡಿದು ಕೂಡಿಸಿದರು. ಅವರ ಉಗುರಿನಲ್ಲಿ ಇನ್ನೂ ಸವಳು ಮಣ್ಣಿತ್ತು. "ಅಣ್ಣ ಬೇಕಂತ ಕೊಟ್ಟಾನ. 'ಕಾಶವ್ವಗ ನನ್ನ ಮ್ಯಾಲ ಸಂಶಯ ಐತಿ. ನಂದು ಆಕೀ ಮನ್ಯಾಗ ಇರಲಿ, ನಿಂದು ನನ್ನ ಮನ್ಯಾಗ ಇರಲಿ. ಶ್ರಾವಣದಾಗ ಡಬ್ಬಿ ತಗೊಂಡ ನಾನ ಮೂಡಲಗಿಗೆ ಬರ್ತೀನಿ' ಅಂದ."

ಬಾಗಿಲ ಮರೆಯಲ್ಲಿ ನಿಂತು ನಾನು ಆಡದ ಮಾತೂ ಆ ಮನುಷ್ಯನಿಗೆ ಕೇಳಿಸಿತ್ತು.

ಗೋಕಾಕದಲ್ಲಿ ಬಸ್ಸು ಬದಲಿಸಿದೆವು. ಘಟಪ್ರಭೆಯ ಸೇತುವೆಯ ಮೇಲೆ ಗಾಡಿ ಬಹಳ ಕುಲುಕಿತು. ಹೊಳೆಯಲ್ಲಿ ನೀರು ಸಣ್ಣದಾಗಿತ್ತು, ಹೆಂಗಸರು ಬಂಡೆಯ ಮೇಲೆ ಅರಿವೆ ಒಗೆಯುತ್ತಿದ್ದರು. ನಮ್ಮ ಮನೆಯವರು ಡಬ್ಬಿಯನ್ನು ಕಾಲ ಹತ್ತಿರ ಇಡಲು ಹೋದರು. ನಾನು ಬಿಡಲಿಲ್ಲ. ಉಡಿಯಲ್ಲಿ ಇಟ್ಟುಕೊಂಡು, ಮೇಲೆ ಸೆರಗು ಹೊದಿಸಿ, ಮೂಡಲಗಿ ಬರುವವರೆಗೂ ಎರಡೂ ಕೈಯಿಂದ ಹಿಡಿದು ಕೂತೆ. ಮಂದಿಯ ಒಡವೆ, ಒಂದು ಮೂಲೆಯೂ ಮುರಿಯಬಾರದು.