ಗೋಡೆಯಾಚೆಯ ಬೂಟಿನ ಹಾಡು

ಇಂಥ ಅನುಭವಗಳನ್ನು ಯಾರಾದರೂ ಹೇಳಿದರೆ ಎದುರಿಗೆ ತಲೆಯಾಡಿಸಿ, ಮನೆಗೆ ಬಂದು ಗಂಡನ ಜೊತೆ ನಗುತ್ತಿದ್ದವಳು ನಾನು. ಅಮೆರಿಕದಲ್ಲಿ, ಮಿಲ್ಪಿಟಾಸ್ ಎಂಬ ಊರಿನ ಒಂದು ಎಲೆಕ್ಟ್ರಾನಿಕ್ಸ್ ಕಂಪನಿಯಲ್ಲಿ ಇಪ್ಪತ್ತಾರು ವರ್ಷ ಸರ್ಕ್ಯೂಟ್ ಬೋರ್ಡುಗಳನ್ನು ಪರೀಕ್ಷೆ ಮಾಡಿದ್ದೇನೆ. ಬೋರ್ಡು ಗುಂಯ್ ಎಂದರೆ ಎಲ್ಲೋ ಒಂದು ಬೆಸುಗೆ ಬಿಟ್ಟಿರುತ್ತದೆ. ತಾಳ್ಮೆಯಿಂದ ಹುಡುಕಿದರೆ ಸಿಕ್ಕೇ ಸಿಗುತ್ತದೆ. ಇಲ್ಲದ ಶಬ್ದ ಕೇಳಿಸಿತು ಎಂದವರಿಗೆ ಕಿವಿಯ ಡಾಕ್ಟರ ವಿಳಾಸ ಕೊಡುತ್ತಿದ್ದೆ. ಈಗ ಹೇಳುತ್ತಿರುವುದು ಆರು ವರ್ಷಗಳ ಹಿಂದೆ ನನಗೇ ಆದದ್ದು. ನೀವು ನಂಬಲೇಬೇಕೆಂದು ನನ್ನ ಹಟವಿಲ್ಲ.

ಮೊದಲು ಹುಬ್ಬಳ್ಳಿಯ ಮಾತು ಹೇಳದಿದ್ದರೆ ಇದು ತಿಳಿಯುವುದಿಲ್ಲ. ನಾವಿದ್ದದ್ದು ರೈಲ್ವೆ ಕ್ವಾರ್ಟರ್ಸಿನಲ್ಲಿ. ಪಕ್ಕದ ಮನೆಯವರು ವಸಂತಕಾಕಾ, ನನ್ನ ತಂದೆ ಕೆಲಸ ಮಾಡುತ್ತಿದ್ದ ವರ್ಕ್‌ಶಾಪಿನ ಫೋರ್ಮನ್ನು. ಅವರಿಗೆ ಮಕ್ಕಳಿರಲಿಲ್ಲ. ನಮ್ಮ ಸಾಲಿನ ಆಂಗ್ಲೋ ಇಂಡಿಯನ್ ಕುಟುಂಬವೊಂದು ಆಸ್ಟ್ರೇಲಿಯಾಕ್ಕೆ ಹೊರಟಾಗ ಅವರ ರೆಕಾರ್ಡ್ ಪ್ಲೇಯರನ್ನೂ ಒಂದು ಟ್ರಂಕಿನ ತುಂಬ ರಾಕ್ ಅಂಡ್ ರೋಲ್ ರೆಕಾರ್ಡುಗಳನ್ನೂ ಕಾಕಾ ಕೊಂಡುಕೊಂಡಿದ್ದರು. ಅದರಲ್ಲಿದ್ದವು ಪ್ರೇಮಗೀತೆಗಳಲ್ಲ, ಬಹುಪಾಲು ತಮಾಷೆಯ ಹಾಡುಗಳು. ಒಂದರಲ್ಲಿ ಹಾಡುವವನಿಗೆ ಬಿಕ್ಕಳಿಕೆ ಹತ್ತಿ ಪದವೇ ಮುಗಿಯುತ್ತಿರಲಿಲ್ಲ. ಇನ್ನೊಂದರಲ್ಲಿ ಮೊದಲಿನಿಂದ ಕೊನೆಯವರೆಗೆ ಅರ್ಥವಿಲ್ಲದ ಅಕ್ಷರಗಳು, ಯಾರೋ ಬಾಯಿಗೆ ಬಿಸಿ ಬಟಾಟೆ ಹಾಕಿಕೊಂಡ ಹಾಗೆ. ಭಾನುವಾರ ಕಾಕಾ ಕಿಟಕಿ ತೆರೆದು ಹಚ್ಚಿದರೆ ಸಾಲಿನ ಹುಡುಗರೆಲ್ಲ ಹೊರಗೆ ಕುಣಿಯುತ್ತಿದ್ದೆವು. ಸೊಂಟ ತಿರುಗಿಸುವುದನ್ನು ಕಲಿಸಿದವರೂ ಅವರೇ. ಕುಣಿದವರಿಗೆ ಪೆಪ್ಪರಮಿಂಟು ಸಿಗುತ್ತಿತ್ತು.

ಎಲ್ಲಕ್ಕಿಂತ ನಮಗೆ ಪ್ರೀತಿಯಾದದ್ದು ಬೂಟಿನ ಹಾಡು. ಒಬ್ಬ ಹೊಸ ಬೂಟು ಹಾಕಿಕೊಂಡು ಕುಣಿಯಲು ಹೋಗುತ್ತಾನೆ. ಬೂಟುಗಳು ಸುಸ್ತಾಗಿ ಕೀರಲು ದನಿಯಲ್ಲಿ ಬಿಟ್ಟುಬಿಡು ಎಂದು ಬೇಡಿಕೊಳ್ಳುತ್ತವೆ, ಅವನು ಬಿಡುವುದಿಲ್ಲ. ಟೇಪನ್ನು ಜೋರಾಗಿ ಓಡಿಸಿ ಮಾಡಿದ ಆ ದನಿ ಇಲಿಯ ದನಿಯಂತಿತ್ತು. ‘ಲೆಟ್ ಮಿ ಗೋ’ ಎಂದು ಅವು ಹೇಳುತ್ತಿದ್ದುದು ನಮ್ಮ ಬಾಯಲ್ಲಿ ‘ಲೆಮ್ಮಿಗೋ’ ಆಗಿತ್ತು. ಆ ರೆಕಾರ್ಡಿಗೆ ಅಲ್ಲೇ ಗೀರು ಬಿದ್ದಿತ್ತು. ಮುಳ್ಳು ಅಲ್ಲಿಗೆ ಬಂದರೆ ಟಕ್ ಎಂದು ಸಿಕ್ಕಿಕೊಂಡು ‘ಲೆಮ್ಮಿಗೋ, ಲೆಮ್ಮಿಗೋ’ ಎಂದು, ಯಾರಾದರೂ ಬಂದು ಎತ್ತುವ ತನಕ ಹೇಳುತ್ತಲೇ ಇರುತ್ತಿತ್ತು. ಅದು ಸಿಕ್ಕಿಕೊಂಡಷ್ಟೂ ನಮಗೆ ಮಜಾ.

ನನಗೆ ಒಂಬತ್ತು ತುಂಬಿದ ಬೇಸಿಗೆ ರಜೆಯಲ್ಲಿ ಒಂದು ಮಧ್ಯಾಹ್ನ ಕಾಕಾ ಡ್ಯೂಟಿ ಬಿಟ್ಟು ನಡುವೆಯೇ ಮನೆಗೆ ಬಂದರು. ಕಿಟಕಿ ಮುಚ್ಚಿತ್ತು, ಹಾಡು ಮಾತ್ರ ಎಂದಿಗಿಂತ ಜೋರಾಗಿತ್ತು. ಬಿಸಿಲಲ್ಲೇ ಓಡಿ ಹೋದೆವು. ಅಂದು ಮುಳ್ಳು ಸಿಕ್ಕಿಕೊಂಡದ್ದು ಬಿಡಲೇ ಇಲ್ಲ. ಮುಂದೆ ನಿಂತು ಕುಣಿಸುತ್ತಿದ್ದವಳು ನಾನು. ‘ಲೆಮ್ಮಿಗೋ’ ಎಂದು ಕೂಗಿ ಕೂಗಿ ನಗು ತಡೆಯಲಾರದೆ ನೆಲಕ್ಕೆ ಕೂತೆವು. ಆಮೇಲೆ ಬಾಯಾರಿ ಎಲ್ಲರೂ ಮನೆಗೆ ಹೋದೆವು. ಹಾಡು ಆಗಲೂ ನಿಂತಿರಲಿಲ್ಲ.

ಸಂಜೆ ಹೊತ್ತಿಗೆ ಸುಮಿತ್ರಾಕಾಕು, ಅಂದರೆ ಕಾಕಾ ಅವರ ಹೆಂಡತಿ, ಬಚ್ಚಲಲ್ಲಿ ಜಾರಿ ಬಿದ್ದು ತೀರಿಕೊಂಡರು ಎಂದು ಸುದ್ದಿ ಬಂತು. ಹೆಣಕ್ಕೆ ಸ್ನಾನ ಮಾಡಿಸಲು ಹೋದ ಹೆಂಗಸರಲ್ಲಿ ನನ್ನ ತಾಯಿಯೂ ಒಬ್ಬರು. ಅವರು ಬಂದು ತಂದೆಗೆ ಹೇಳಿದ್ದನ್ನು ಅಡುಗೆಮನೆಯ ಕದದ ಹಿಂದಿನಿಂದ ಕೇಳಿಸಿಕೊಂಡೆ.

“ಬೆನ್ನ ತುಂಬ ಬೆಲ್ಟಿನ ಬಕಲ್ ಮೂಡ್ಯಾದ. ಬಚ್ಚಲದಾಗ ಬಿದ್ರ ಬಕಲ್ ಮೂಡ್ತದೇನ್ರಿ?”

“ಸುಮ್ಮನಿರು,” ಎಂದರು ತಂದೆ. “ನಾಳೆ ನಾ ಅಂವನ ಕೈಕೆಳಗ ಕೆಲಸಕ್ಕ ಹೋಗ್ಬೇಕು.”

ತಾಯಿ ಸುಮ್ಮನಾದರು. ಇಡೀ ಸಾಲು ಸುಮ್ಮನಾಯಿತು. ಕಾಕಾ ಪೆಪ್ಪರಮಿಂಟು ಕೊಡುವುದನ್ನು ನಿಲ್ಲಿಸಲಿಲ್ಲ, ನಾನು ತಿನ್ನುವುದನ್ನೂ ನಿಲ್ಲಿಸಲಿಲ್ಲ. ಒಂದೆರಡು ವರ್ಷ ಕಳೆದು, ಇಂಗ್ಲಿಷ್ ಸ್ವಲ್ಪ ಬಂದಮೇಲೆ, ‘ಲೆಮ್ಮಿಗೋ’ ಎಂಬುದರ ಅರ್ಥ ಒಂದು ದಿನ ತಾನಾಗಿ ಹೊಳೆಯಿತು. ಮುಳ್ಳನ್ನು ಯಾರೂ ಎತ್ತದಿದ್ದುದಕ್ಕೆ ಕಾರಣವೂ ಅದರ ಬೆನ್ನಿಗೇ ಹೊಳೆಯಿತು. ಅಂದು ಕಾಕಾ ಅವರ ಕೈಗೆ ಬಿಡುವಿರಲಿಲ್ಲ.

ಇದನ್ನು ನಾನು ಯಾರಿಗೂ ಹೇಳಿರಲಿಲ್ಲ. ಅರ್ಧವನ್ನು ಮಾತ್ರ ಹೇಳುತ್ತಿದ್ದೆ. ನಮ್ಮ ಕಂಪನಿಯ ಲಂಚ್ ರೂಮಿನಲ್ಲಿ ವಯಸ್ಸಾದ ಅಮೆರಿಕನ್ ಹೆಂಗಸರು ನಾಲ್ಕಾರು ಜನ ತಮ್ಮ ಚಿಕ್ಕಂದಿನ ತಮಾಷೆ ಹಾಡುಗಳನ್ನು ನೆನೆಸಿಕೊಂಡು ನಗುತ್ತಿದ್ದರು. ಒಬ್ಬಳು ಶುರುಮಾಡಿದರೆ ಇನ್ನೊಬ್ಬಳು ಚಮಚದಿಂದ ಮೇಜು ಬಡಿಯುತ್ತಿದ್ದಳು. ಹುಬ್ಬಳ್ಳಿಯ ಓಣಿಯಲ್ಲಿ ಲಂಗ ಹಾಕಿಕೊಂಡು ರಾಕ್ ಅಂಡ್ ರೋಲಿಗೆ ಕುಣಿದ ಕಥೆ ಅವರಿಗೆ ಬಲು ಇಷ್ಟ. ‘ಲೆಮ್ಮಿಗೋ’ ಎಂದು ನಾನು ಕೀರಲು ದನಿಯಲ್ಲಿ ಹಾಡಿ ತೋರಿಸಿದರೆ ಕಣ್ಣಲ್ಲಿ ನೀರು ಬರುವ ಹಾಗೆ ನಗುತ್ತಿದ್ದರು. ನಾನೂ ನಗುತ್ತಿದ್ದೆ. ಕಥೆಯನ್ನು ಪೆಪ್ಪರಮಿಂಟಿಗೆ ನಿಲ್ಲಿಸುತ್ತಿದ್ದೆ.

ಆಗ ನಮ್ಮ ಟೌನ್‌ಹೌಸಿನ ಪಕ್ಕದ ಮನೆಯಲ್ಲಿ ಪ್ರತಿಮಾ ಮತ್ತು ಅವಳ ಗಂಡ ಇದ್ದರು. ಎರಡು ಮನೆಗಳಿಗೂ ನಡುವೆ ಒಂದೇ ಗೋಡೆ. ಅವಳು ಉಡುಪಿಯ ಕಡೆಯವಳು, ಮೂವತ್ತರ ಒಳಗಿನ ವಯಸ್ಸು, ನನ್ನನ್ನು ಆಂಟಿ ಎನ್ನುತ್ತಿದ್ದಳು. ಅವನು ಮೆನ್ಲೋ ಪಾರ್ಕಿನ ಯಾವುದೋ ಆಫೀಸಿಗೆ ಹೋಗುತ್ತಿದ್ದ. ನಾನು ಗ್ರೋಸರಿ ತಂದರೆ ಚೀಲಗಳನ್ನು ಒಳಗೆ ಇಟ್ಟುಕೊಟ್ಟೇ ಹೋಗುವಷ್ಟು ಮರ್ಯಾದಸ್ಥ. ನನಗೆ ಅನುಮಾನವೇ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ಒಮ್ಮೆ ಅವಳ ಎರಡು ಬೆರಳಿಗೆ ಬ್ಯಾಂಡೇಜ್ ಇತ್ತು. ಕಾರಿನ ಡೋರಿಗೆ ಸಿಕ್ಕಿತು ಎಂದಳು. ಇನ್ನೊಮ್ಮೆ ಸೆಕೆಯಲ್ಲಿ ಕುತ್ತಿಗೆಗೆ ಶಾಲು ಸುತ್ತಿಕೊಂಡಿದ್ದಳು. ನೋಡಿದೆ, ಕೇಳಲಿಲ್ಲ. ನಾನೂ ಆ ರೈಲ್ವೆ ಸಾಲಿನಲ್ಲೇ ಬೆಳೆದವಳಲ್ಲವೇ.

ಅದೊಂದು ಗುರುವಾರ, ಬೆಳಗಿನ ಹನ್ನೊಂದು ಗಂಟೆಯ ಸುಮಾರು. ಹಲ್ಲಿನ ಡಾಕ್ಟರ ಹತ್ತಿರ ಹೋಗಬೇಕೆಂದು ಅಂದು ರಜೆ ಹಾಕಿದ್ದೆ. ನಮ್ಮವರು ಕೆಲಸಕ್ಕೆ ಹೋಗಿದ್ದರು. ಅಡುಗೆಮನೆಯಲ್ಲಿ ಮೆಂತ್ಯಸೊಪ್ಪು ಬಿಡಿಸುತ್ತಿದ್ದಾಗ ಗೋಡೆಯ ಆಚೆಯಿಂದ ಬೂಟಿನ ಹಾಡು ಕೇಳಿಸಿತು.

ಮೊದಲು ನನಗೆ ಬಂದದ್ದು ನಗು. ಈ ಹಳೆಯ ಹಾಡು ಪ್ರತಿಮಾಗೆ ಎಲ್ಲಿ ಸಿಕ್ಕಿತು, ಹೋಗಿ ಕೇಳಬೇಕು ಎಂದುಕೊಂಡೆ. ಸೊಪ್ಪು ಬಿಡಿಸುತ್ತ ತಲೆದೂಗಿದೆ. ಎರಡನೇ ಚರಣ ಮುಗಿಯಿತು, ಬೂಟುಗಳು ಬೇಡಿಕೊಳ್ಳತೊಡಗಿದವು, ಟಕ್ ಎಂದಿತು. ‘ಲೆಮ್ಮಿಗೋ.’ ಮತ್ತೆ ಟಕ್. ‘ಲೆಮ್ಮಿಗೋ.’ ಆ ಗೀರು ಲೋಕದಲ್ಲಿ ಒಂದೇ ಒಂದು ರೆಕಾರ್ಡಿಗೆ ಇದ್ದದ್ದು. ಯಾರಾದರೂ ಎತ್ತುತ್ತಾರೆ ಎಂದು ಕಾದೆ. ಎತ್ತಲಿಲ್ಲ.

ಫೋನ್ ತೆಗೆದು ಪೊಲೀಸರ ತುರ್ತು ನಂಬರು ೯೧೧ಕ್ಕೆ ಹಚ್ಚಿದೆ. ಪಕ್ಕದ ಮನೆಯಲ್ಲಿ ಹೆಂಗಸನ್ನು ಕೊಲ್ಲುತ್ತಿದ್ದಾರೆ ಎಂದೆ. ನಿಮಗೆ ಏನು ಕೇಳಿಸುತ್ತಿದೆ ಎಂದು ಆ ಕಡೆಯವಳು ಕೇಳಿದಳು. ಹಾಡು ಎಂದರೆ ಯಾರು ಬರುತ್ತಾರೆ? ಚೀರುತ್ತಿದ್ದಾಳೆ ಎಂದೆ. ಮನೆಯೊಳಗೇ ಇರಿ, ಹೊರಗೆ ಹೋಗಬೇಡಿ ಎಂದಳು. ಫೋನನ್ನು ಸಿಂಕಿನ ಪಕ್ಕದಲ್ಲಿಟ್ಟು ಹಿಂದಿನ ಬಾಗಿಲಿನಿಂದ ಹೊರಗೆ ಹೋದೆ.

ನಮ್ಮ ಹಿತ್ತಿಲಿಗೂ ಅವರ ಹಿತ್ತಿಲಿಗೂ ನಡುವೆ ಬೇಲಿಯಲ್ಲಿ ಒಂದು ಚಿಕ್ಕ ಗೇಟು. ಅವರ ಗಾಜಿನ ಬಾಗಿಲಿಗೆ ಪರದೆ ಎಳೆದಿತ್ತು, ಒಂದು ಮೊಳದಷ್ಟು ಸಂದಿ ಬಿಟ್ಟು. ಆ ಸಂದಿಯಲ್ಲಿ ನೋಡಿದೆ. ಪ್ರತಿಮಾ ನೆಲದ ಮೇಲೆ ಬೋರಲಾಗಿ ಬಿದ್ದಿದ್ದಳು. ಬಾಯಿಗೆ ಟವೆಲ್ ತುರುಕಿತ್ತು. ಅವನು ಅವಳ ಬೆನ್ನಿನ ಮೇಲೆ ಮೊಣಕಾಲೂರಿ ಕುಳಿತು ಎರಡು ಸುತ್ತು ಹಾಕಿದ ಕೇಬಲ್ಲಿನಿಂದ ಅವಸರವಿಲ್ಲದೆ, ಕಾರ್ಪೆಟ್ಟಿನ ಧೂಳು ಬಡಿಯುವವನ ಹಾಗೆ, ಬಾರಿಸುತ್ತಿದ್ದ. ಬಿಳಿ ಕುರ್ತಿ ಹರಿದು ಕೆಂಪಾಗಿತ್ತು. ಅವಳ ಒಂದು ಕೈ ನೆಲವನ್ನು ಕೆರೆಯುತ್ತಿತ್ತು. ನನ್ನ ಕಿವಿಯಲ್ಲಿ ಬೂಟುಗಳು ಇನ್ನೂ ಕೂಗುತ್ತಿದ್ದವು.

ಬಾಗಿಲ ಪಕ್ಕದಲ್ಲಿದ್ದ ಕರಿಬೇವಿನ ಕುಂಡವನ್ನು ಎತ್ತಿ ಗಾಜಿಗೆ ಎಸೆದೆ. ಗಾಜು ಪುಡಿಯಾಯಿತು. ಅದೇ ಕ್ಷಣಕ್ಕೆ ಹಾಡು ನಿಂತಿತು.

ಅವನು ನನ್ನತ್ತ ಬಂದ. ಮರ್ಯಾದಸ್ಥನ ಮುಖವೇ, ಬದಲಾಗಿರಲಿಲ್ಲ. ಕೇಬಲ್ಲಿನ ಮೊದಲ ಏಟು ಕಿವಿಯಿಂದ ತುಟಿಯವರೆಗೆ ಸೀಳಿತು. ಆಮೇಲೆ ಜುಟ್ಟು ಹಿಡಿದು ಬಾಗಿಲ ಚೌಕಟ್ಟಿಗೆ ಅಪ್ಪಳಿಸಿದ. ಒಂದು ಸಲ, ಎರಡು ಸಲ. ಬಾಯೊಳಗೆ ಹಲ್ಲು ಮುರಿದು ನಾಲಿಗೆಯ ಮೇಲೆ ಬಿದ್ದದ್ದು ಗೊತ್ತಾಯಿತು. ಅವನ ಕೈಯನ್ನು ಸಿಕ್ಕಲ್ಲಿ ಕಚ್ಚಿದೆ, ಚರ್ಮ ಕಿತ್ತುಬಂದರೂ ಬಿಡಲಿಲ್ಲ. ಅಷ್ಟು ಸಿಟ್ಟು ನನ್ನಲ್ಲಿದೆ ಎಂದು ನನಗೇ ಗೊತ್ತಿರಲಿಲ್ಲ. ಆ ಸಿಟ್ಟೆಲ್ಲ ಅವನೊಬ್ಬನ ಮೇಲಿನದಾಗಿರಲಿಲ್ಲ. ಅವನು ನನ್ನ ಎಡಗೈಯನ್ನು ತಿರುಚಿದಾಗ ಮುಂಗೈ ಮೂಳೆ ಲಟಕ್ಕೆಂದಿತು. ಕೆಳಗೆ ಬಿದ್ದೆ.

ಅವನ ಹಿಂದೆ ಪ್ರತಿಮಾ ಎದ್ದು ನಿಂತಿದ್ದಳು. ಟವೆಲ್ ಕಿತ್ತು ಹಾಕಿದ್ದಳು. ದೋಸೆ ಹೊಯ್ಯುವ ಕಬ್ಬಿಣದ ಕಾವಲಿ, ಊರಿನಿಂದ ಹೊತ್ತು ತಂದದ್ದು, ಅವಳ ಎರಡೂ ಕೈಯಲ್ಲಿತ್ತು. ಒಂದು ಮಾತೂ ಆಡದೆ ಅವನ ತಲೆಗೆ ಹೊಡೆದಳು. ಅವನು ಮಂಡಿಯೂರಿದ. ಮತ್ತೆ ಹೊಡೆದಳು. ಮೂರನೆಯ ಸಲಕ್ಕೆ ಎತ್ತಿದಾಗ ಮುಂಬಾಗಿಲು ಒಡೆದುಕೊಂಡು ಪೊಲೀಸರು ಬಂದರು. ಅವರು ಬರುವುದು ಒಂದು ನಿಮಿಷ ತಡವಾಗಿದ್ದರೆ ಆ ಮನೆಯಲ್ಲಿ ಒಂದು ಹೆಣ ಬೀಳುತ್ತಿತ್ತು, ಅದು ಅವಳದ್ದಾಗಿರುತ್ತಿರಲಿಲ್ಲ.

ಆಸ್ಪತ್ರೆಯಲ್ಲಿ ನಮ್ಮಿಬ್ಬರ ನಡುವೆ ಒಂದು ಪರದೆ ಮಾತ್ರ ಇತ್ತು. ಅದರಾಚೆಯಿಂದ ಪ್ರತಿಮಾ ಕೇಳಿದಳು:

“ಆಂಟಿ, ನಿಮ್ಗೆ ಹೇಗೆ ಗೊತ್ತಾಯ್ತು?”

ನೀನು ಚೀರಿದ್ದು ಕೇಳಿಸಿತು ಎಂದೆ, ಒಡೆದ ಬಾಯಿಂದ ಆದಷ್ಟು.

“ನಾನು ಬೊಬ್ಬೆ ಹಾಕ್ಲೇ ಇಲ್ಲ,” ಎಂದಳು. “ಮೊದ್ಲು ಬಾಯಿಗೇ ತುರ್ಕಿದ್ದು ಅವ್ನು. ಯಾವಾಗ್ಲೂ ಹಾಗೇ.”

ಹಾಡು ಯಾರು ಹಚ್ಚಿದ್ದು ಎಂದು ಕೇಳಿದೆ. ಅವಳಿಗೆ ನನ್ನ ಮಾತೇ ಅರ್ಥವಾಗಲಿಲ್ಲ. ಮನೆಯಲ್ಲಿ ಯಾವ ಹಾಡೂ ಇರಲಿಲ್ಲ. ಅವನಿಗೆ ಗಲಾಟೆ ಆಗುವುದಿಲ್ಲ ಎಂದಳು.

ಪೊಲೀಸರಿಗೆ ನಾನು ಬರೆಸಿದ್ದು ಚೀರಾಟ ಎಂದೇ. ಅದು ಕೋರ್ಟಿನಲ್ಲಿ ನನ್ನ ಕೊರಳಿಗೆ ಬಂತು. ಅವನ ವಕೀಲೆ ನಯವಾಗಿ ಮಾತಾಡುವ ಹೆಂಗಸು. ಮೊದಲಿನಿಂದಲೂ ಬಾಯಿಗೆ ಟವೆಲ್ ಇತ್ತೆಂದು ಹೆಂಡತಿಯೇ ಹೇಳುತ್ತಾಳೆ, ಹಾಗಾದರೆ ಈ ಸಾಕ್ಷಿಗೆ ಕೇಳಿಸಿದ ಚೀರಾಟ ಯಾರದು ಎಂದಳು. ಇವಳು ಕುಂಡ ಎಸೆದು ಮನೆಗೆ ನುಗ್ಗಿದವಳು. ತನ್ನ ಕಕ್ಷಿದಾರ ಹೆದರಿ ಕೈ ಮಾಡಿದ. ಹೆಂಡತಿಯ ಗಾಯಗಳೂ ಈ ಗಲಾಟೆಯಲ್ಲಿ ಆದವಲ್ಲವೆಂದು ಯಾರು ಹೇಳಬಲ್ಲರು ಎಂದಳು. ಆಮೇಲೆ ನನ್ನ ೯೧೧ ಕರೆಯ ರೆಕಾರ್ಡಿಂಗನ್ನು ಎಲ್ಲರಿಗೂ ಕೇಳಿಸಿದಳು.

ನಾನು ಕಿವಿಗೊಟ್ಟು ಕೇಳಿದೆ. ಹಾಡಿರಲಿಲ್ಲ. ಹಿಂದೆ ಫ್ರಿಜ್ಜಿನ ಗುಂಯ್‌ಗುಟ್ಟುವಿಕೆ ಬಿಟ್ಟರೆ ಏನೂ ಇರಲಿಲ್ಲ. ಆದರೆ ನನ್ನ ಉತ್ತರಗಳ ನಡುನಡುವೆ ಸಣ್ಣ ದನಿಯೊಂದು, ‘ಲೆಮ್ಮಿಗೋ, ಲೆಮ್ಮಿಗೋ’ ಎನ್ನುತ್ತಿತ್ತು. ದನಿ ನನ್ನದೇ. ಹಾಗೆ ಹೇಳುತ್ತಿದ್ದೆನೆಂದು ನನಗೆ ನೆನಪೇ ಇಲ್ಲ.

ಇದೇನು ಪದ ಎಂದು ವಕೀಲೆ ಕೇಳಿದಳು. ಪ್ರಮಾಣ ಮಾಡಿ ನಿಂತಿದ್ದೆ. ಪ್ರತಿಮಾ ಎದುರಿನ ಬೆಂಚಿನಲ್ಲಿ ಕೂತಿದ್ದಳು. ಸುಳ್ಳಿಗೆ ಇನ್ನೊಂದು ಸುಳ್ಳು ಹೊಲಿದರೆ ಅವಳ ಕೇಸು ಹರಿದುಹೋಗುತ್ತದೆ, ನಿಜ ಹೇಳಿದರೆ ನಾನು ಹುಚ್ಚಿಯಾಗುತ್ತೇನೆ. ಹುಚ್ಚಿಯಾಗುವುದೇ ವಾಸಿ ಎನ್ನಿಸಿತು. ಚೀರಾಟ ಕೇಳಿಸಲಿಲ್ಲ, ಸುಳ್ಳು ಹೇಳಿದೆ, ಕೇಳಿಸಿದ್ದು ಒಂದು ಹಾಡು ಎಂದು ಶುರುಮಾಡಿ ವಸಂತಕಾಕಾ, ಸುಮಿತ್ರಾಕಾಕು, ಬೆಲ್ಟಿನ ಬಕಲ್, ಬಿಸಿಲಲ್ಲಿ ನಾವು ಕುಣಿದದ್ದು, ಎಲ್ಲವನ್ನೂ ಹೇಳಿದೆ. ಸುಮಿತ್ರಾಕಾಕುವಿನ ಹೆಸರನ್ನು ನಾನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಯಾರೂ ನಗಲಿಲ್ಲ.

“ಆ ಮನೆಯಲ್ಲಿ ಯಾವ ರೆಕಾರ್ಡ್ ಪ್ಲೇಯರೂ ಇರಲಿಲ್ಲ,” ಎಂದಳು ವಕೀಲೆ. “ಹಾಗಾದರೆ ಅದು ಎಲ್ಲಿಂದ ಬಂತು?”

“ಗೊತ್ತಿಲ್ಲ,” ಎಂದೆ.

ನನ್ನ ಸಾಕ್ಷಿಯನ್ನು ಯಾರು ಎಷ್ಟು ನಂಬಿದರೋ ತಿಳಿಯದು. ಅವನಿಗೆ ಶಿಕ್ಷೆಯಾದದ್ದು ಅವಳ ಬೆನ್ನಿನ ಫೋಟೋಗಳಿಂದ, ವಾಸಿಯಾಗಿದ್ದ ಹಳೆಯ ಮುರಿತಗಳು ಎಕ್ಸ್‌ರೇಯಲ್ಲಿ ಕಂಡದ್ದರಿಂದ. ಅವನು ಈಗಲೂ ಜೈಲಿನಲ್ಲಿದ್ದಾನೆ.

ನಮ್ಮವರು ಹೇಳುವುದು, ಬ್ಯಾಂಡೇಜು ಶಾಲು ನೋಡಿ ನಿನ್ನ ಮನಸ್ಸಿಗೆ ಮೊದಲೇ ಗೊತ್ತಾಗಿತ್ತು, ಅಂದು ಗೋಡೆಯ ಮೂಲಕ ಧಪಧಪ ಎಂಬ ಸದ್ದು ಬಂದಿರಬೇಕು, ಉಳಿದದ್ದನ್ನು ನೆನಪು ತುಂಬಿಕೊಂಡಿದೆ ಎಂದು. ನನಗೂ ಅದೇ ಸರಿ ಎನ್ನಿಸಿತ್ತು. ಅದಕ್ಕೇ ಪ್ರತಿಮಾ ಮನೆ ಖಾಲಿಮಾಡಿ ಯೂನಿಯನ್ ಸಿಟಿಗೆ ಹೋಗುವ ಹಿಂದಿನ ದಿನ ಪರೀಕ್ಷೆ ಮಾಡಿಯೇಬಿಡೋಣ ಎಂದೆ. ನಾನು ನಮ್ಮ ಅಡುಗೆಮನೆಯಲ್ಲಿ, ಅಂದು ಸೊಪ್ಪು ಬಿಡಿಸುತ್ತಿದ್ದ ಜಾಗದಲ್ಲೇ, ಫ್ರಿಜ್ಜಿನ ಪ್ಲಗ್ ಕಿತ್ತು, ಗೋಡೆಗೆ ಕಿವಿಯಿಟ್ಟು ನಿಂತೆ. ಅವಳು ಆಚೆ ಹೋಗಿ ಕಿಟಕಿ ಬಾಗಿಲು ಹಾಕಿಕೊಂಡಳು.

ಕಾಲು ಗಂಟೆ ಬಿಟ್ಟು ಅವಳು ಬಂದಳು. ಮೊದಲು ಫೋನಿನಲ್ಲಿ ಹಾಡು ಹಚ್ಚಿದಳಂತೆ, ಆಮೇಲೆ ಕಾವಲಿಯಿಂದ ನೆಲ ಬಡಿದಳಂತೆ. ಕೊನೆಗೆ ಗೋಡೆಗೆ ಬಾಯಿಯಿಟ್ಟು ಆಂಟೀ ಎಂದು ಶಕ್ತಿಯಿದ್ದಷ್ಟೂ ಕೂಗಿದಳಂತೆ. ದನಿ ಬಿದ್ದುಹೋಗಿತ್ತು, ಕಣ್ಣು ಕೆಂಪಾಗಿದ್ದವು, ಅಲ್ಲಿ ನಿಂತು ಅತ್ತಿರಬೇಕು.

ಈಚೆ ನನಗೆ ಏನೂ ಕೇಳಿಸಿರಲಿಲ್ಲ.